ರೂಟರ್ ಬದಲಾದರೆ ಬ್ಯಾಕಪ್ ಅಳಿಯುವುದಿಲ್ಲ, ಅದರ ದಾರಿ ತಪ್ಪುತ್ತದೆ

ಸಂಪಾದಕರಿಗೆ,

ಮಾನ್ಯರೇ,

ದಾವಣಗೆರೆಯಲ್ಲಿ ಹಳೆಯ ದೂರವಾಣಿ ತಂತಿಯ ಮೇಲೆ ಬರುತ್ತಿದ್ದ ಇಂಟರ್ನೆಟ್ ಸಂಪರ್ಕಗಳು ಒಂದೊಂದಾಗಿ ಫೈಬರ್‌ಗೆ ಬದಲಾಗುತ್ತಿವೆ. ಎಂ.ಸಿ.ಸಿ. ಬಡಾವಣೆ, ವಿದ್ಯಾನಗರ, ನಿಟುವಳ್ಳಿ, ಪಿ.ಜೆ. ಬಡಾವಣೆಯ ಬೀದಿಗಳಲ್ಲಿ ಕಂಬದಿಂದ ಮನೆಗೆ ಹೊಸ ಕೇಬಲ್ ಎಳೆಯುವ ಹುಡುಗರು ಆಗಾಗ ಕಾಣುತ್ತಾರೆ. ಹೊಸ ಸಂಪರ್ಕದ ಜೊತೆಗೆ ಹೊಸ ರೂಟರ್ ಬರುತ್ತದೆ. ಹಳೆಯದು ಅಟ್ಟ ಸೇರುತ್ತದೆ ಅಥವಾ ಕಂಪನಿಯವರೇ ಅದನ್ನು ವಾಪಸು ಒಯ್ಯುತ್ತಾರೆ. ಈ ಬದಲಾವಣೆಯ ನಂತರ ಅನೇಕ ಮನೆಗಳಲ್ಲೂ ಸಣ್ಣ ಅಂಗಡಿಗಳಲ್ಲೂ ಕಂಪ್ಯೂಟರಿನ ಬ್ಯಾಕಪ್, ಎಂದರೆ ಫೈಲುಗಳ ಇನ್ನೊಂದು ನಕಲು ಬೇರೆಡೆ ಇಡುವ ಕೆಲಸ, ಯಾರಿಗೂ ಗೊತ್ತಾಗದಂತೆ ನಿಂತುಹೋಗುತ್ತಿದೆ ಎಂಬುದನ್ನೂ, ಮುಂದೆ ಕಂಪ್ಯೂಟರ್ ಕೆಟ್ಟ ದಿನ ‘ಬ್ಯಾಕಪ್ ಹಾಳಾಗಿದೆ’ ಎಂದು ತಪ್ಪಾಗಿ ತೀರ್ಮಾನಿಸಿ ಚೆನ್ನಾಗಿಯೇ ಇರುವ ಬ್ಯಾಕಪ್ಪನ್ನು ಕೈಯಾರೆ ಅಳಿಸುವ ಪ್ರಸಂಗಗಳು ಬರುತ್ತಿವೆ ಎಂಬುದನ್ನೂ ತಮ್ಮ ಪತ್ರಿಕೆಯ ಮೂಲಕ ಓದುಗರ ಮತ್ತು ಇಂಟರ್ನೆಟ್ ಸೇವೆ ಒದಗಿಸುವವರ ಗಮನಕ್ಕೆ ತರಲು ಬಯಸುತ್ತೇನೆ.

ನಾನು ವೃತ್ತಿಯಿಂದ ತೆರಿಗೆ ಸಲಹೆಗಾರ. ಎ.ಪಿ.ಎಂ.ಸಿ. ಪ್ರಾಂಗಣದ ಮೆಕ್ಕೆಜೋಳದ ವ್ಯಾಪಾರಿಗಳು, ಮಂಡಿಪೇಟೆ ಮತ್ತು ಚೌಕಿಪೇಟೆಯ ಸಗಟು ಅಂಗಡಿಯವರು ನನ್ನ ಕಕ್ಷಿದಾರರು. ಅವರ ಲೆಕ್ಕವೆಲ್ಲ ಈಗ ಟ್ಯಾಲಿ ಎಂಬ ಲೆಕ್ಕದ ತಂತ್ರಾಂಶದಲ್ಲಿದೆ. ಕೆಂಪು ರಟ್ಟಿನ ಖಾತೆ ಪುಸ್ತಕ ದೀಪಾವಳಿಯ ಪೂಜೆಗೆ ಮಾತ್ರ ಹೊರಗೆ ಬರುತ್ತದೆ. 2017ರ ಕೇಂದ್ರ ಜಿ.ಎಸ್.ಟಿ. ಕಾಯಿದೆಯ 36ನೇ ಕಲಮಿನ ಪ್ರಕಾರ ಒಂದು ವರ್ಷದ ಲೆಕ್ಕಪತ್ರಗಳನ್ನು ಆ ವರ್ಷದ ವಾರ್ಷಿಕ ರಿಟರ್ನ್ ಸಲ್ಲಿಸಬೇಕಾದ ಕೊನೆಯ ದಿನಾಂಕದಿಂದ 72 ತಿಂಗಳ ಕಾಲ ಕಾಯ್ದಿಡಬೇಕು. ಇದು ಬಹುತೇಕ ವ್ಯಾಪಾರಿಗಳಿಗೆ ಗೊತ್ತು. ಅದೇ ಕಾಯಿದೆಯ ನಿಯಮಾವಳಿಯ 57ನೇ ನಿಯಮ ಅಷ್ಟಾಗಿ ಗೊತ್ತಿಲ್ಲ. ಲೆಕ್ಕವನ್ನು ವಿದ್ಯುನ್ಮಾನ ರೂಪದಲ್ಲಿ ಇಡುವವರು ಸರಿಯಾದ ಬ್ಯಾಕಪ್ ಇಟ್ಟುಕೊಂಡಿರಬೇಕು ಮತ್ತು ಅಪಘಾತದಿಂದಲೋ ನೈಸರ್ಗಿಕ ಕಾರಣದಿಂದಲೋ ದಾಖಲೆಗಳು ನಾಶವಾದರೆ ಸಮಂಜಸವಾದ ಅವಧಿಯೊಳಗೆ ಆ ಮಾಹಿತಿಯನ್ನು ಮರಳಿ ಪಡೆಯುವಂತಿರಬೇಕು ಎಂದು ಅದು ಹೇಳುತ್ತದೆ. ಎಂದರೆ, ಡಬ್ಬಿಯೊಂದರಲ್ಲಿ ಎಲ್ಲೋ ಒಂದು ನಕಲು ಕುಳಿತಿದ್ದರೆ ಕಾನೂನಿಗೆ ಸಾಲದು. ಬೇಕಾದಾಗ ಅದು ಕಂಪ್ಯೂಟರಿಗೆ ವಾಪಸು ಬರಬೇಕು. ರೂಟರ್ ಬದಲಾವಣೆ ಪೆಟ್ಟು ಕೊಡುವುದು ಸರಿಯಾಗಿ ಈ ವಾಪಸು ಬರುವ ಹಾದಿಗೇ.

ಮನೆಯ ರೂಟರ್ ಹೊರಗಿನ ಇಂಟರ್ನೆಟ್ಟನ್ನು ಒಳಗೆ ತರುವುದಷ್ಟೇ ಅಲ್ಲದೆ, ಮನೆಯೊಳಗಿನ ಕಂಪ್ಯೂಟರ್, ಫೋನು, ಪ್ರಿಂಟರ್, ಟಿವಿ ಎಲ್ಲಕ್ಕೂ ಒಂದೊಂದು ಐಪಿ ವಿಳಾಸವನ್ನು, ಎಂದರೆ ಸಾಧನವನ್ನು ಗುರುತಿಸುವ ಅಂಕಿಗಳ ಸಾಲನ್ನು, ಹಂಚುತ್ತದೆ. ಹೀಗೆ ಒಳಬಳಕೆಗೆಂದೇ ಕೆಲವು ವಿಳಾಸಗಳ ಗುಂಪುಗಳನ್ನು ಮೀಸಲಿಡಲಾಗಿದೆ, 192.168 ಎಂದು ಆರಂಭವಾಗುವ ವಿಳಾಸಗಳು ಅಂಥವು. ತೊಂದರೆ ಏನೆಂದರೆ, ಅದರ ಮುಂದಿನ ಅಂಕಿ ರೂಟರಿನಿಂದ ರೂಟರಿಗೆ ಬೇರೆಯಾಗಿರುತ್ತದೆ. ಕೆಲವು ರೂಟರ್‌ಗಳು ಕಾರ್ಖಾನೆಯಿಂದ ಬರುವಾಗಲೇ 192.168.0.1 ಆಗಿರುತ್ತವೆ, ಕೆಲವು 192.168.1.1, ಇನ್ನು ಕೆಲವು 192.168.29.1 ಅಥವಾ 192.168.100.1. ಹಳೆಯ ರೂಟರಿನ ಕಾಲದಲ್ಲಿ ಬ್ಯಾಕಪ್ ಪೆಟ್ಟಿಗೆಗೆ (ರೂಟರಿಗೆ ಜೋಡಿಸಿ ನಕಲು ಇಡುವ ಡಿಸ್ಕಿನ ಪೆಟ್ಟಿಗೆಗೆ) 192.168.1.50 ಎಂಬ ಕಾಯಂ ವಿಳಾಸವನ್ನು ಕೊಟ್ಟು, ಕಂಪ್ಯೂಟರಿಗೂ ‘ಪ್ರತಿ ರಾತ್ರಿ ಈ ವಿಳಾಸಕ್ಕೆ ನಕಲು ಕಳಿಸು’ ಎಂದು ಹೇಳಿಟ್ಟಿದ್ದರೆ, ಹೊಸ ರೂಟರ್ 192.168.29 ಎಂಬ ಸಾಲನ್ನು ಹಂಚತೊಡಗಿದ ಕ್ಷಣದಿಂದ ಕಂಪ್ಯೂಟರ್ ಒಂದು ಸಾಲಿನಲ್ಲಿ, ಪೆಟ್ಟಿಗೆ ಇನ್ನೊಂದು ಸಾಲಿನಲ್ಲಿ ಉಳಿಯುತ್ತವೆ. ಎರಡಕ್ಕೂ ವಿದ್ಯುತ್ ಇದೆ, ಎರಡರ ದೀಪವೂ ಹಸಿರಾಗಿ ಮಿನುಗುತ್ತಿದೆ, ಕೇಬಲ್ಲೂ ಸರಿಯಾಗಿದೆ. ಒಂದಕ್ಕೆ ಇನ್ನೊಂದು ಕಾಣುವುದಿಲ್ಲ. ಮಹಾನಗರ ಪಾಲಿಕೆಯವರು ಬಡಾವಣೆಯ ಮನೆಗಳಿಗೆಲ್ಲ ಹೊಸ ನಂಬರು ಬರೆದು ಹೋದ ಮೇಲೆ ಹಳೆಯ ನಂಬರಿನ ಕಾಗದ ಹಿಡಿದು ಬಂದ ಅಂಚೆಯವನ ಪಾಡು ಬ್ಯಾಕಪ್ ತಂತ್ರಾಂಶದ್ದಾಗುತ್ತದೆ.

ಇದು ಕೂಡಲೇ ಏಕೆ ಗೊತ್ತಾಗುವುದಿಲ್ಲ ಎಂಬುದಕ್ಕೂ ಕಾರಣವಿದೆ. ಸಂಪರ್ಕ ಕೊಡಲು ಬಂದವರು ಒಂದು ಜಾಣತನ ಮಾಡುತ್ತಾರೆ: ಹೊಸ ರೂಟರಿಗೂ ಹಳೆಯ ವೈಫೈ ಹೆಸರು ಮತ್ತು ಪಾಸ್‌ವರ್ಡನ್ನೇ ಇಡುತ್ತಾರೆ. ಫೋನುಗಳು, ಟಿವಿ ಎಲ್ಲವೂ ತಾವಾಗಿ ಸೇರಿಕೊಳ್ಳುತ್ತವೆ. ಮನೆಯವರಿಗೆ ಏನೂ ಬದಲಾಗಿಲ್ಲ ಎನ್ನಿಸುತ್ತದೆ. ಆದರೆ ವಿಂಡೋಸ್‌ಗೆ ಹಾಗೆ ಅನ್ನಿಸುವುದಿಲ್ಲ. ವೈಫೈ ಹೆಸರು ಅದೇ ಇದ್ದರೂ ರೂಟರ್ ಬೇರೆಯಾದದ್ದನ್ನು ಅದು ಗುರುತಿಸಿ, ಇದು ಅಪರಿಚಿತ ನೆಟ್‌ವರ್ಕ್ ಎಂದು ‘ಸಾರ್ವಜನಿಕ’ ವರ್ಗಕ್ಕೆ ಸೇರಿಸಬಹುದು. ಬಸ್ ನಿಲ್ದಾಣದ ವೈಫೈ ಬಳಸುವಾಗ ಕಂಪ್ಯೂಟರ್ ಹೇಗೆ ಬಾಗಿಲು ಹಾಕಿಕೊಂಡಿರಬೇಕೋ ಹಾಗೆ ಮನೆಯಲ್ಲೂ ಬಾಗಿಲು ಹಾಕಿಕೊಳ್ಳುತ್ತದೆ. ಅಕ್ಕಪಕ್ಕದ ಸಾಧನಗಳನ್ನು ಹುಡುಕುವುದನ್ನೂ ಫೈಲ್ ಹಂಚಿಕೆಯನ್ನೂ ನಿಲ್ಲಿಸುತ್ತದೆ. ಸೆಟ್ಟಿಂಗ್ಸ್‌ನ ನೆಟ್‌ವರ್ಕ್ ವಿಭಾಗಕ್ಕೆ ಹೋಗಿ ಅದನ್ನು ‘ಖಾಸಗಿ’ ಎಂದು ಬದಲಿಸಿದರೆ ಅರ್ಧಕ್ಕರ್ಧ ಪ್ರಕರಣಗಳು ಅಲ್ಲೇ ಬಗೆಹರಿಯುತ್ತವೆ ಎಂಬುದು ನನ್ನ ಅನಿಸಿಕೆ.

ಒಂದು ಪ್ರಕರಣವನ್ನು ವಿವರವಾಗಿ ಹೇಳುವುದು ಉಚಿತ. ನನ್ನ ಕಕ್ಷಿದಾರರಾದ ದಲ್ಲಾಲಿ ವ್ಯಾಪಾರಿಯೊಬ್ಬರು ಅಂಗಡಿಯ ಲೆಕ್ಕವನ್ನು ಮನೆಯ ಕಂಪ್ಯೂಟರಿನಲ್ಲಿಟ್ಟು, ಅದರ ಬ್ಯಾಕಪ್ಪಿಗೆ ನ್ಯಾಸ್ ಎಂದು ಕರೆಯುವ, ನೆಟ್‌ವರ್ಕಿಗೆ ಜೋಡಿಸುವ ಒಂದು ಡಿಸ್ಕಿನ ಪೆಟ್ಟಿಗೆಯನ್ನು ಇಟ್ಟುಕೊಂಡಿದ್ದರು. ಹೊಸ ಫೈಬರ್ ಸಂಪರ್ಕ ಬಂತು, ರೂಟರ್ ಬದಲಾಯಿತು. ಅಂದಿನಿಂದ ಪರದೆಯ ಮೂಲೆಯ ಬ್ಯಾಕಪ್ ಚಿಹ್ನೆಯ ಮೇಲೆ ಚಿಕ್ಕದೊಂದು ಕೆಂಪು ಗುರುತು ಬಿದ್ದಿತ್ತು. ಅದನ್ನು ಯಾರೂ ನೋಡಲಿಲ್ಲ. ತಿಂಗಳುಗಳ ನಂತರ, ಮಳೆಗಾಲದ ಒಂದು ಸಂಜೆ, ವಿದ್ಯುತ್ ಹೋಗಿ ಬಂದ ಭರದಲ್ಲಿ ಕಂಪ್ಯೂಟರಿನ ಹಾರ್ಡ್ ಡಿಸ್ಕ್ ಸತ್ತಿತು. ಹೊಸ ಡಿಸ್ಕ್ ಹಾಕಿಸಿ, ವಿಂಡೋಸ್ ಕೂರಿಸಿ, ಬ್ಯಾಕಪ್ ಹುಡುಕಿದರೆ ‘ನೆಟ್‌ವರ್ಕ್ ಹಾದಿ ಸಿಗಲಿಲ್ಲ’ ಎಂಬ ಸಂದೇಶ, ಅದರ ಕೆಳಗೆ 80070035 ಎಂದು ಮುಗಿಯುವ ದೋಷ ಸಂಖ್ಯೆ. ಇಂಟರ್ನೆಟ್ ಕಂಪನಿಯ ಹುಡುಗನನ್ನು ಕರೆಸಿದಾಗ ಆತ ಫೋನಿನಲ್ಲಿ ವೇಗ ಪರೀಕ್ಷೆ ಮಾಡಿ ತೋರಿಸಿ, “ನೆಟ್ ಬರ್ತೈತಲ್ಲ ಅಂಕಲ್, ನಮ್ದು ಅಷ್ಟೇ ಕೆಲ್ಸ” ಎಂದು ಹೋದ. ಅವನ ಮಟ್ಟಿಗೆ ಅದು ನಿಜವೂ ಹೌದು. ಅವನಿಗೆ ಅಷ್ಟನ್ನೇ ಹೇಳಿಕೊಟ್ಟಿದ್ದಾರೆ.

ಮುಂದಿನದು ಅಪಾಯದ ಘಟ್ಟ. ಕಂಪ್ಯೂಟರ್ ರಿಪೇರಿಯವರು ಪೆಟ್ಟಿಗೆಯೊಳಗಿನ ಡಿಸ್ಕನ್ನು ಬಿಚ್ಚಿ ತಮ್ಮ ಮೇಜಿನ ಕಂಪ್ಯೂಟರಿಗೆ ಜೋಡಿಸಿದರು. ವಿಂಡೋಸ್ ಪರದೆಯ ನಡುವೆ ಒಂದು ಚೌಕ ಮೂಡಿತು: ಈ ಡಿಸ್ಕನ್ನು ಬಳಸುವ ಮೊದಲು ಫಾರ್ಮ್ಯಾಟ್ ಮಾಡಬೇಕು, ಮಾಡಲೇ? ಕೆಳಗೆ ಎರಡು ಗುಂಡಿ, ಫಾರ್ಮ್ಯಾಟ್ ಮತ್ತು ರದ್ದು. ಫಾರ್ಮ್ಯಾಟ್ ಎಂದರೆ ಇದ್ದದ್ದನ್ನು ಅಳಿಸಿ ಡಿಸ್ಕನ್ನು ಹೊಸದಾಗಿ ಸಿದ್ಧಪಡಿಸುವುದು. “ಡಿಸ್ಕ್ ಖಾಲಿ ಐತೆ ಯಜಮಾನ್ರೇ, ಫಾರ್ಮ್ಯಾಟ್ ಮಾಡಿ ಕೊಡ್ತೀನಿ, ಮತ್ತೆ ಯೂಸ್ ಮಾಡ್ಬೋದು” ಎಂದರಂತೆ. ಜೊತೆಗೆ ಬಂದಿದ್ದ ಸೊಸೆ “ಮಾವ, ಬ್ಯಾಡ ಅನ್ನಿ, ಮೊದ್ಲು ಆಡಿಟ್ ಸರ್‌ನ ಒಂದ್ ಮಾತು ಕೇಳಾಣ” ಎಂದು ತಡೆದದ್ದರಿಂದ ಲೆಕ್ಕ ಉಳಿಯಿತು. ಆ ಡಿಸ್ಕ್ ಖಾಲಿ ಇರಲಿಲ್ಲ. ಇಂಥ ಪೆಟ್ಟಿಗೆಗಳು ಸಾಮಾನ್ಯವಾಗಿ ವಿಂಡೋಸ್ ಬದಲು ಲಿನಕ್ಸ್ ಎಂಬ ಬೇರೆ ವ್ಯವಸ್ಥೆಯ ಮೇಲೆ ನಡೆಯುತ್ತವೆ ಮತ್ತು ಡಿಸ್ಕಿನ ಮೇಲೆ ವಿಂಡೋಸ್‌ಗೆ ಓದಲು ಬಾರದ ವಿನ್ಯಾಸದಲ್ಲಿ ಬರೆಯುತ್ತವೆ. ತನಗೆ ಓದಲು ಬಾರದ ಡಿಸ್ಕ್ ಸಿಕ್ಕಾಗ ವಿಂಡೋಸ್ ‘ನನಗೆ ಓದಲು ಬರುವುದಿಲ್ಲ’ ಎಂದು ಹೇಳುವ ಬದಲು ‘ಫಾರ್ಮ್ಯಾಟ್ ಮಾಡಲೇ’ ಎಂದು ಕೇಳುತ್ತದೆ. ಈ ಒಂದು ಚೌಕದಿಂದ ಎಷ್ಟು ಮನೆಗಳ ಮದುವೆ ಫೋಟೊಗಳು ಹೋಗಿವೆಯೋ ಊಹಿಸಲಾರೆ. ಓದುಗರಲ್ಲಿ ನನ್ನ ಒಂದೇ ಬಿನ್ನಹ: ಅಂಥ ಸಂದರ್ಭದಲ್ಲಿ ‘ರದ್ದು’ ಒತ್ತಿ, ಡಿಸ್ಕನ್ನು ಇದ್ದ ಪೆಟ್ಟಿಗೆಗೇ ವಾಪಸು ಕೂರಿಸಿ. ಎರಡು ಅಥವಾ ನಾಲ್ಕು ಡಿಸ್ಕಿನ ಪೆಟ್ಟಿಗೆಯಾಗಿದ್ದರೆ ಯಾವ ಖಾನೆಯಲ್ಲಿ ಯಾವ ಡಿಸ್ಕ್ ಇತ್ತು ಎಂದು ಗುರುತು ಹಾಕದೆ ಬಿಚ್ಚಲೇಬೇಡಿ.

ಆ ಪ್ರಕರಣದಲ್ಲಿ ಪರಿಹಾರ ಅತ್ಯಂತ ಸರಳವಾಗಿತ್ತು, ಹಣವೂ ಖರ್ಚಾಗಲಿಲ್ಲ. ಪೆಟ್ಟಿಗೆಯನ್ನು ರೂಟರಿನಿಂದ ಬಿಡಿಸಿ, ಒಂದು ಲ್ಯಾನ್ ಕೇಬಲ್ಲಿನಿಂದ ನೇರವಾಗಿ ಲ್ಯಾಪ್‌ಟಾಪಿಗೆ ಜೋಡಿಸಲಾಯಿತು. ಲ್ಯಾಪ್‌ಟಾಪಿನ ವೈಫೈ ಬಂದ್ ಮಾಡಿ, ಅದರ ಲ್ಯಾನ್ ಸಂಪರ್ಕಕ್ಕೆ ಕೈಯಿಂದಲೇ 192.168.1.20 ಎಂಬ ವಿಳಾಸವನ್ನೂ 255.255.255.0 ಎಂಬ ಮಾಸ್ಕನ್ನೂ (ವಿಳಾಸ ಯಾವ ಸಾಲಿಗೆ ಸೇರಿದ್ದೆಂದು ಹೇಳುವ ಅಂಕಿ) ಕೊಟ್ಟು, ಗೇಟ್‌ವೇ (ಹೊರಗೆ ಹೋಗುವ ದಾರಿಯ ವಿಳಾಸ) ಜಾಗವನ್ನು ಖಾಲಿ ಬಿಟ್ಟು, ಬ್ರೌಸರಿನಲ್ಲಿ 192.168.1.50 ಎಂದು ಬರೆದ ಕೂಡಲೇ ಪೆಟ್ಟಿಗೆಯ ಲಾಗಿನ್ ಪುಟ ತೆರೆಯಿತು. ಅಲ್ಲಿ ಕಾಯಂ ವಿಳಾಸವನ್ನು ತೆಗೆದು, ರೂಟರ್ ಕೊಟ್ಟ ವಿಳಾಸವನ್ನು ತಾನಾಗಿ ತೆಗೆದುಕೊಳ್ಳುವಂತೆ ಬದಲಿಸಿ, ಮತ್ತೆ ರೂಟರಿಗೆ ಜೋಡಿಸಿದಾಗ ಅದು ಹೊಸ ಸಾಲಿಗೆ ಬಂತು. ಎಲ್ಲ ಫೋಲ್ಡರುಗಳೂ ಹಾಗೆಯೇ ಇದ್ದವು. ಆದರೆ ರೂಟರ್ ಬದಲಾದ ದಿನದವರೆಗಿನ ಲೆಕ್ಕ ಮಾತ್ರ ಇತ್ತು. ಅಲ್ಲಿಂದ ಡಿಸ್ಕ್ ಕೆಟ್ಟ ದಿನದವರೆಗಿನ ತಿಂಗಳುಗಳ ನಮೂದುಗಳನ್ನು ಬಿಲ್ ಪುಸ್ತಕ, ಬ್ಯಾಂಕ್ ವಿವರಣೆ ಮತ್ತು ಜಿ.ಎಸ್.ಟಿ. ಜಾಲತಾಣದಲ್ಲಿದ್ದ ರಿಟರ್ನ್‌ಗಳನ್ನು ನೋಡಿ ಮತ್ತೆ ಟೈಪ್ ಮಾಡಬೇಕಾಯಿತು. ಹಳೆಯ ಬ್ಯಾಕಪ್ ಸಿಕ್ಕರೂ ನಿಂತುಹೋದ ಬ್ಯಾಕಪ್ಪಿನ ಕಾಲ ಹೋದದ್ದು ಹೋದದ್ದೇ. ಆದ್ದರಿಂದ ರೂಟರ್ ಬದಲಾದ ದಿನವೇ ಇದನ್ನು ನೋಡಿಕೊಳ್ಳಬೇಕೆಂದು ಒತ್ತಿ ಹೇಳುತ್ತಿದ್ದೇನೆ.

ಇದಕ್ಕಿಂತ ಸುಲಭವಾದ ಇನ್ನೊಂದು ದಾರಿಯಿದೆ, ಅದು ಮೊದಲೇ ಹೊಳೆಯಬೇಕಾದದ್ದು. ಹೊಸ ರೂಟರಿನ ಒಳಗಿನ ಸೆಟ್ಟಿಂಗ್ಸ್‌ಗೆ ಹೋಗಿ ಅದರ ಸ್ವಂತ ವಿಳಾಸವನ್ನು ಹಳೆಯ ರೂಟರಿನದ್ದೇ, ಎಂದರೆ ನಮ್ಮ ಉದಾಹರಣೆಯಲ್ಲಿ 192.168.1.1, ಎಂದು ಬದಲಿಸಿ, ಒಮ್ಮೆ ಎಲ್ಲ ಸಾಧನಗಳನ್ನೂ ಬಂದ್ ಮಾಡಿ ಮತ್ತೆ ಚಾಲೂ ಮಾಡಿದರೆ ಪೆಟ್ಟಿಗೆ, ಪ್ರಿಂಟರ್, ಸಿ.ಸಿ. ಕ್ಯಾಮೆರಾ ಎಲ್ಲವೂ ಹಳೆಯ ವಿಳಾಸಗಳಲ್ಲೇ ಸಿಗುತ್ತವೆ. ಕಂಪ್ಯೂಟರಿನಲ್ಲಿ ಒಂದಕ್ಷರ ಬದಲಿಸಬೇಕಿಲ್ಲ. ಹೀಗೆ ಮಾಡಲು ಬೇಕಾದದ್ದು ರೂಟರಿನ ಅಡ್ಮಿನ್ ಪಾಸ್‌ವರ್ಡ್. ಇಲ್ಲಿಯೇ ನಮ್ಮ ಗ್ರಾಹಕರು ಸಿಕ್ಕಿಬೀಳುತ್ತಾರೆ. ವೈಫೈ ಪಾಸ್‌ವರ್ಡ್ ಬೇರೆ, ಅಡ್ಮಿನ್ ಪಾಸ್‌ವರ್ಡ್ ಬೇರೆ ಎಂಬುದು ಅನೇಕರಿಗೆ ಗೊತ್ತಿರುವುದಿಲ್ಲ. ಗೊತ್ತಿದ್ದು ಕೇಳಿದರೂ “ಅದು ಕಂಪನಿಯದ್ದು, ಕೊಡಂಗಿಲ್ಲ” ಎಂಬ ಉತ್ತರ ಬರುತ್ತದೆ. ತಿಂಗಳಾ ಬಾಡಿಗೆ ಕಟ್ಟುವ ಮನೆಯ ಯಜಮಾನನಿಗೆ ತನ್ನ ಮನೆಯೊಳಗಿನ ವಿಳಾಸಗಳನ್ನು ನೋಡುವ ಅಧಿಕಾರವೂ ಇಲ್ಲವೆಂದರೆ ಅದು ಸರಿಯಲ್ಲ.

ಇನ್ನೊಂದು ಬಗೆಯ ಬ್ಯಾಕಪ್ ಸಣ್ಣ ಮನೆಗಳಲ್ಲಿ ಹೆಚ್ಚು: ರೂಟರಿನ ಹಿಂಬದಿಯ ಯು.ಎಸ್.ಬಿ. ಕಿಂಡಿಗೆ ಒಂದು ಪೋರ್ಟಬಲ್ ಹಾರ್ಡ್ ಡಿಸ್ಕ್ ಸಿಕ್ಕಿಸಿ ಅದನ್ನೇ ಎಲ್ಲರೂ ಬಳಸುವುದು. ಹೊಸ ರೂಟರಿನಲ್ಲಿ ಆ ಕಿಂಡಿ ಇಲ್ಲದಿರಬಹುದು, ಇದ್ದರೂ ಹಂಚಿಕೆಯ ಹೆಸರು ಬೇರೆಯಾಗಿರುತ್ತದೆ. ಇದರ ಜೊತೆಗೆ ಇನ್ನೊಂದು ತೊಡಕು. ಹಳೆಯ ಅನೇಕ ರೂಟರ್‌ಗಳಿಗೆ ಗೊತ್ತಿದ್ದದ್ದು ಎಸ್.ಎಂ.ಬಿ. ಒಂದನೇ ಆವೃತ್ತಿ ಎಂಬ ಹಳೆಯ ಹಂಚಿಕೆ ವಿಧಾನ ಮಾತ್ರ. 2017ರ ಮೇ ತಿಂಗಳಿನಲ್ಲಿ ಜಗತ್ತಿನಾದ್ಯಂತ ಕಂಪ್ಯೂಟರುಗಳನ್ನು ಒತ್ತೆಯಿಟ್ಟುಕೊಂಡ ವಾನಾಕ್ರೈ ದಾಳಿ ಹರಡಿದ್ದು ಅದೇ ವಿಧಾನದ ದೋಷದಿಂದ. ಅದೇ ವರ್ಷದ ಅಕ್ಟೋಬರಿನ ವಿಂಡೋಸ್ 10ರ ಆವೃತ್ತಿಯಿಂದ ಮುಂದಕ್ಕೆ ಆ ವಿಧಾನವನ್ನು ಹಂತಹಂತವಾಗಿ ಕೈಬಿಡುತ್ತಾ ಬಂದಿದ್ದು, ಹೊಸದಾಗಿ ವಿಂಡೋಸ್ ಹಾಕಿದ ಕಂಪ್ಯೂಟರಿನಲ್ಲಿ ಅದು ತಾನಾಗಿ ಇಲ್ಲದಿರಬಹುದು. ಹೀಗಾಗಿ ಹಳೆಯ ರೂಟರನ್ನು ಅಟ್ಟದಿಂದ ಇಳಿಸಿ ಮತ್ತೆ ಜೋಡಿಸಿದರೂ ಹೊಸ ಕಂಪ್ಯೂಟರಿಗೆ ಡಿಸ್ಕ್ ಕಾಣದೇ ಹೋಗಬಹುದು. ಆ ಹಳೆಯ ವಿಧಾನವನ್ನು ಮತ್ತೆ ಚಾಲೂ ಮಾಡಿ ಎಂದು ಕೆಲವರು ಸಲಹೆ ಕೊಡುತ್ತಾರೆ. ನಾನು ಅದನ್ನು ಒಪ್ಪುವುದಿಲ್ಲ. ಡಿಸ್ಕನ್ನು ನೇರವಾಗಿ ಕಂಪ್ಯೂಟರಿಗೇ ಸಿಕ್ಕಿಸಿದರೆ ಕೆಲಸ ಮುಗಿಯಿತು. ವಿಂಡೋಸ್ ಓದಲಾರದ ವಿನ್ಯಾಸದಲ್ಲಿದ್ದರೆ ಉಬುಂಟುವಿನಂಥ ಉಚಿತ ಲಿನಕ್ಸನ್ನು ಪೆನ್‌ಡ್ರೈವಿನಿಂದಲೇ ಚಾಲೂ ಮಾಡಿ, ಕಂಪ್ಯೂಟರಿನಲ್ಲಿ ಏನನ್ನೂ ಬದಲಿಸದೆ, ಫೈಲುಗಳನ್ನು ಇನ್ನೊಂದು ಡಿಸ್ಕಿಗೆ ನಕಲು ಮಾಡಿಕೊಳ್ಳಬಹುದು.

ಹಾದಿ ಸಿಕ್ಕಿದ ಮೇಲೂ ಕೆಲವು ಕಡೆ ಜನ ಕೈಚೆಲ್ಲುವುದನ್ನು ನೋಡಿದ್ದೇನೆ. ಪೆಟ್ಟಿಗೆಯ ವಿಳಾಸ ಬದಲಾದಾಗ ವಿಂಡೋಸ್ ಹೊಸದಾಗಿ ಹೆಸರು, ಪಾಸ್‌ವರ್ಡ್ ಕೇಳುತ್ತದೆ, ಏಕೆಂದರೆ ಹಿಂದೆ ಉಳಿಸಿಕೊಂಡದ್ದು ಹಳೆಯ ವಿಳಾಸದ ಲೆಕ್ಕದಲ್ಲಿ. ಆಗ ಕೊಡಬೇಕಾದದ್ದು ಕಂಪ್ಯೂಟರಿನ ಪಾಸ್‌ವರ್ಡ್ ಅಲ್ಲ, ಪೆಟ್ಟಿಗೆಯದ್ದು. ಅದು ಮರೆತಿದ್ದರೆ ಹಲವು ಪೆಟ್ಟಿಗೆಗಳ ಹಿಂದೆ ಸೂಜಿಯಿಂದ ಒತ್ತುವ ಒಂದು ಸಣ್ಣ ರಂಧ್ರವಿರುತ್ತದೆ; ಹೆಸರಾಂತ ತಯಾರಕರ ಪೆಟ್ಟಿಗೆಗಳಲ್ಲಿ ಅದನ್ನು ಮೂರು ನಾಲ್ಕು ಸೆಕೆಂಡು ಒತ್ತಿದರೆ ಅಡ್ಮಿನ್ ಪಾಸ್‌ವರ್ಡ್, ನೆಟ್‌ವರ್ಕ್ ವಿಳಾಸದಂಥ ಕೆಲವು ಸೆಟ್ಟಿಂಗ್ಸ್ ಮಾತ್ರ ಮೊದಲ ಸ್ಥಿತಿಗೆ ಬರುತ್ತವೆ, ಫೈಲುಗಳು ಉಳಿಯುತ್ತವೆ. ಹೆಚ್ಚು ಹೊತ್ತು ಒತ್ತಿದರೆ ಪರಿಣಾಮವೂ ಹೆಚ್ಚು; ಆದ್ದರಿಂದ ಕೈಪಿಡಿಯ ಆ ಪುಟವನ್ನು ಓದಿಯೇ ಸೂಜಿ ಹಿಡಿಯಬೇಕು.

ವಿಂಡೋಸ್‌ನಲ್ಲೇ ಇರುವ ಫೈಲ್ ಹಿಸ್ಟರಿ ಎಂಬ ಬ್ಯಾಕಪ್ ಸೌಲಭ್ಯ ಬಳಸಿದವರಿಗೆ ಒಂದು ಸಮಾಧಾನದ ಸಂಗತಿಯಿದೆ. ಅದರ ಬ್ಯಾಕಪ್ ಯಾವುದೋ ಗೂಢ ಕಟ್ಟಿನಲ್ಲಿರುವುದಿಲ್ಲ; ಪ್ರತಿ ಫೈಲೂ ತನ್ನದೇ ಹೆಸರಿನ ಕೊನೆಗೆ ಆವರಣದಲ್ಲಿ ವರ್ಷ, ತಿಂಗಳು, ದಿನ, ಗಂಟೆ, ನಿಮಿಷ, ಸೆಕೆಂಡು ಹಚ್ಚಿಕೊಂಡು ಸಾಮಾನ್ಯ ಫೋಲ್ಡರುಗಳಲ್ಲೇ ಕುಳಿತಿರುತ್ತದೆ. ತಂತ್ರಾಂಶ ಹಳೆಯ ಬ್ಯಾಕಪ್ಪನ್ನು ಗುರುತಿಸದಿದ್ದರೆ ಕೈಯಿಂದಲೇ ನಕಲು ಮಾಡಿಕೊಂಡು ಹೆಸರಿನ ಬಾಲ ಕತ್ತರಿಸಿದರೆ ಸಾಕು. ಇಡೀ ಕಂಪ್ಯೂಟರಿನ ಚಿತ್ರವನ್ನೇ ಬ್ಯಾಕಪ್ ಮಾಡಿದವರ ಪಾಡು ಸ್ವಲ್ಪ ಕಷ್ಟದ್ದು. ವಿಂಡೋಸ್ ಏಳದಿದ್ದಾಗ ಕಾಣುವ ನೀಲಿ ಚೇತರಿಕೆ ಪರದೆಯಿಂದ ಅದನ್ನು ವಾಪಸು ತರಬೇಕು, ಅಲ್ಲಿ ವೈಫೈ ಸಾಮಾನ್ಯವಾಗಿ ನಡೆಯುವುದಿಲ್ಲ, ಲ್ಯಾನ್ ಕೇಬಲ್ಲೇ ಬೇಕು, ಮತ್ತು ಪೆಟ್ಟಿಗೆಯ ಹೊಸ ವಿಳಾಸವನ್ನು ಎರಡು ಓರೆಗೆರೆ ಸಮೇತ \\192.168.29.50 ಎಂಬ ಮಾದರಿಯಲ್ಲಿ, ಹಂಚಿಕೆಯ ಹೆಸರಿನೊಂದಿಗೆ, ಕೈಯಿಂದ ಬರೆಯಬೇಕು. ಆ ಹೊತ್ತಿಗೆ ವಿಳಾಸ ಗೊತ್ತಿಲ್ಲದಿದ್ದರೆ ಅಲ್ಲಿಗೇ ನಿಂತಿತು.

ವಾಪಸು ಬಂದ ಫೈಲನ್ನು ತೆರೆದಾಗ ಕನ್ನಡ ಅಕ್ಷರಗಳೆಲ್ಲ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರವಾಗಿ ಕಂಡರೆ ಹೆದರಬೇಕಿಲ್ಲ. ಕನ್ನಡ ಬರೆಯಲು ಬಳಸುತ್ತಿದ್ದ ಹಳೆಯ ‘ನುಡಿ’ ತಂತ್ರಾಂಶದ ಅಕ್ಷರಶೈಲಿ ಹೊಸ ಕಂಪ್ಯೂಟರಿನಲ್ಲಿ ಇಲ್ಲ, ಅಷ್ಟೇ. ಲಗ್ನಪತ್ರಿಕೆ ಮುದ್ರಿಸುವ ನಮ್ಮ ಪರಿಚಯದವರೊಬ್ಬರು ಅದನ್ನೇ ಬ್ಯಾಕಪ್ ಕೆಟ್ಟಿದೆಯೆಂದು ಭಾವಿಸಿ ವರ್ಷಗಳ ಮಾದರಿಗಳನ್ನು ಬಿಸಾಡುವುದರಲ್ಲಿದ್ದರು.

ಫೈಬರ್‌ನೊಂದಿಗೆ ಬಂದಿರುವ ಇನ್ನೊಂದು ಗೊಂದಲ ಒಂದೇ ಮನೆಯಲ್ಲಿ ಎರಡು ರೂಟರ್. ಕಂಪನಿಯ ಫೈಬರ್ ಪೆಟ್ಟಿಗೆ ತಾನೇ ರೂಟರ್ ಆಗಿರುತ್ತದೆ; ಮಹಡಿಗೂ ವೈಫೈ ಬರಲಿ ಎಂದು ಅದರ ಹಿಂದೆ ಹಳೆಯ ರೂಟರನ್ನೂ ಜೋಡಿಸುತ್ತಾರೆ. ಆಗ ಮನೆಯೊಳಗೇ ಎರಡು ವಿಳಾಸ ಸಾಲುಗಳು ಹುಟ್ಟುತ್ತವೆ. ಬ್ಯಾಕಪ್ ಪೆಟ್ಟಿಗೆ ಒಳಗಿನ ರೂಟರಿಗೆ ಅಂಟಿದ್ದು, ಕಂಪ್ಯೂಟರ್ ಹೊರಗಿನ ವೈಫೈ ಹಿಡಿದಿದ್ದರೆ ಬ್ಯಾಕಪ್ ಆಗದು. ಮಹಡಿ ಹತ್ತಿ ಇಳಿದಂತೆ ಲ್ಯಾಪ್‌ಟಾಪ್ ಒಂದರಿಂದ ಇನ್ನೊಂದಕ್ಕೆ ಜಿಗಿಯುವುದರಿಂದ ಒಂದು ದಿನ ಆಗುತ್ತದೆ, ಒಂದು ದಿನ ಆಗುವುದಿಲ್ಲ, ಕಾರಣ ಮಾತ್ರ ತಿಳಿಯುವುದಿಲ್ಲ. ಹಳೆಯ ರೂಟರನ್ನು ‘ಆಕ್ಸೆಸ್ ಪಾಯಿಂಟ್’ ಸ್ಥಿತಿಗೆ ಬದಲಿಸಿದರೆ ಅದು ವಿಳಾಸ ಹಂಚುವುದನ್ನು ಬಿಟ್ಟು ಬರೀ ವೈಫೈ ಹರಡುತ್ತದೆ. ಆ್ಯಪಲ್ ಕಂಪನಿ 2018ರಲ್ಲಿ ತಯಾರಿಕೆ ನಿಲ್ಲಿಸಿದ, ಡಿಸ್ಕ್ ಒಳಗೊಂಡ ರೂಟರ್ ಆದ ಟೈಮ್ ಕ್ಯಾಪ್ಸೂಲನ್ನು ಇನ್ನೂ ಬಳಸುತ್ತಿರುವವರಿಗೂ ಇದೇ ಮಾತು. ಅದನ್ನು ‘ಬ್ರಿಡ್ಜ್’ ಸ್ಥಿತಿಯಲ್ಲಿಟ್ಟರೆ ಆ್ಯಪಲ್ ಕಂಪ್ಯೂಟರಿನ ಹಳೆಯ ಟೈಮ್ ಮಷೀನ್ ಬ್ಯಾಕಪ್ ಹೊಸ ರೂಟರಿನ ಹಿಂದೆಯೂ ಸಿಗುತ್ತದೆ. ಅತಿಥಿಗಳಿಗೆಂದು ಮಾಡಿದ ಗೆಸ್ಟ್ ವೈಫೈಗೆ ಕಂಪ್ಯೂಟರ್ ಸೇರಿಕೊಂಡಿದ್ದರಂತೂ ಬೇರೆ ಸಾಧನ ಕಾಣಲೇಬಾರದೆಂಬುದೇ ಅದರ ಉದ್ದೇಶ.

ಅಂಗಡಿಯ ಲೆಕ್ಕವನ್ನು ಇಂಟರ್ನೆಟ್ ಮೂಲಕ ರಾತ್ರಿ ಮನೆಯ ಪೆಟ್ಟಿಗೆಗೆ ಕಳಿಸುವ ವ್ಯವಸ್ಥೆ ಮಾಡಿಕೊಂಡ ವ್ಯಾಪಾರಿಗಳೂ ಇದ್ದಾರೆ. ಅವರಿಗೆ ಬೇರೆಯೇ ಪೆಟ್ಟು ಬೀಳುತ್ತದೆ. ಹೊರಗಿನಿಂದ ಬಂದದ್ದನ್ನು ಪೆಟ್ಟಿಗೆಗೆ ತಲುಪಿಸುವ ಪೋರ್ಟ್ ಫಾರ್ವರ್ಡಿಂಗ್ ನಿಯಮ ಹಳೆಯ ರೂಟರಿನೊಂದಿಗೇ ಹೋಗಿರುತ್ತದೆ. ಹೊಸದರಲ್ಲಿ ಮತ್ತೆ ಬರೆದರೂ ಕೆಲಸ ಮಾಡದಿದ್ದರೆ ರೂಟರಿನ ಹೊರಬದಿಯ ವಿಳಾಸ ನೋಡಬೇಕು. ಅದು 100.64ರಿಂದ 100.127ರ ನಡುವೆ ಆರಂಭವಾಗುವಂಥದ್ದಾದರೆ, ಕಂಪನಿಯು ಒಂದು ಸಾರ್ವಜನಿಕ ವಿಳಾಸವನ್ನು ಅನೇಕ ಗ್ರಾಹಕರಿಗೆ ಹಂಚಿದೆ ಎಂದರ್ಥ. ಈ ಬಳಕೆಗೆಂದೇ ಆ ಗುಂಪನ್ನು 2012ರಲ್ಲಿ ಮೀಸಲಿಡಲಾಗಿದೆ. ಹೊರಗಿನಿಂದ ಮನೆಯ ಪೆಟ್ಟಿಗೆಗೆ ನೇರ ದಾರಿ ಆಗ ಇರುವುದೇ ಇಲ್ಲ. ಹಾಗೆ ದಾರಿ ಇಲ್ಲದಿರುವುದು ಒಂದು ಲೆಕ್ಕಕ್ಕೆ ಒಳ್ಳೆಯದೇ. 2022ರಲ್ಲಿ ಡೆಡ್‌ಬೋಲ್ಟ್ ಎಂಬ ಒತ್ತೆ ತಂತ್ರಾಂಶ ಹುಡುಕಿ ಹುಡುಕಿ ಹೊಡೆದದ್ದು ಇಂಟರ್ನೆಟ್ಟಿಗೆ ನೇರವಾಗಿ ತೆರೆದಿಟ್ಟಿದ್ದ ನ್ಯಾಸ್ ಪೆಟ್ಟಿಗೆಗಳನ್ನೇ. ವ್ಯಾಪಾರಿಗಳು ವಿ.ಪಿ.ಎನ್. ಎಂಬ, ಇಂಟರ್ನೆಟ್ಟಿನ ಮೇಲಿನ ಖಾಸಗಿ ಗುಪ್ತ ಮಾರ್ಗವನ್ನು ಬಲ್ಲವರಿಂದ ಮಾಡಿಸಿಕೊಳ್ಳುವುದು, ಇಲ್ಲವೇ ಪೋರ್ಟಬಲ್ ಡಿಸ್ಕೊಂದನ್ನು ವಾರಕ್ಕೊಮ್ಮೆ ಅಂಗಡಿಯಿಂದ ಮನೆಗೆ ಒಯ್ಯುವುದು ಮೇಲು. ಎರಡನೆಯದು ಹಳೆಯ ಪದ್ಧತಿಯೆನಿಸಿದರೂ ರೂಟರ್ ಬದಲಾದರೆ ಅದಕ್ಕೆ ಏನೂ ಆಗುವುದಿಲ್ಲ.

ಸಮಯದ ಅಂದಾಜೂ ಮೊದಲೇ ಇರಲಿ. 500 ಜಿಬಿ ಬ್ಯಾಕಪ್ಪನ್ನು ಗೋಡೆಯಾಚೆಯ ವೈಫೈಯಲ್ಲಿ ಸೆಕೆಂಡಿಗೆ 5 ಎಂಬಿಯಂತೆ ತಂದರೆ 28 ಗಂಟೆಯಾಗುತ್ತದೆ. 100 ಎಂಬಿಪಿಎಸ್ (ಇದು ಎಂಬಿ ಅಲ್ಲ, ಮೆಗಾಬಿಟ್; ಎಂಟು ಬಿಟ್ಟಿಗೆ ಒಂದು ಬೈಟ್) ಲ್ಯಾನ್ ಕಿಂಡಿಯಲ್ಲಿ ಹನ್ನೆರಡು ಹದಿಮೂರು ಗಂಟೆ. ಅದರ ಹತ್ತು ಪಟ್ಟು ವೇಗದ ಗಿಗಾಬಿಟ್ ಕಿಂಡಿಯಿದ್ದು ಡಿಸ್ಕ್ ಅದಕ್ಕೆ ತಕ್ಕಂತೆ ಓಡಿದರೆ ಒಂದೂಕಾಲು ಗಂಟೆಯ ಆಸುಪಾಸು. ಕಡಿಮೆ ಬೆಲೆಯ ಹಲವು ರೂಟರ್‌ಗಳಲ್ಲಿ ಇಂದಿಗೂ 100ರ ಕಿಂಡಿಗಳೇ ಇವೆ. 28 ಗಂಟೆ ಕರೆಂಟು ಹೋಗದೆ ಇರುವ ಭರವಸೆ ನಮ್ಮ ಊರಿನಲ್ಲಿ ಯಾರೂ ಕೊಡಲಾರರು. ಕಂಪ್ಯೂಟರಿಗೆ ಮಾತ್ರವಲ್ಲ, ರೂಟರಿಗೂ ಪೆಟ್ಟಿಗೆಗೂ ಯು.ಪಿ.ಎಸ್. ಇರಬೇಕು.

ಈಗ ಸೇವೆ ಒದಗಿಸುವವರಲ್ಲಿ ನನ್ನ ಕೋರಿಕೆ. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್‌ನ 2012ರ ನಿಯಮಾವಳಿಯಂತೆ ಅವರು ಗ್ರಾಹಕರ ದೂರಿಗೆ ಡಾಕೆಟ್ (ದೂರಿನ ಗುರುತು) ಸಂಖ್ಯೆ ಕೊಡಬೇಕು, ಪರಿಹಾರ ಸಿಗದಿದ್ದರೆ ಮೇಲ್ಮನವಿ ಆಲಿಸಬೇಕು. ಆದರೆ ‘ನೆಟ್ ಬರುತ್ತಿದೆ, ಬ್ಯಾಕಪ್ ಬರುತ್ತಿಲ್ಲ’ ಎಂಬ ದೂರನ್ನು ಬರೆದುಕೊಳ್ಳುವುದಕ್ಕೇ ಅವರಲ್ಲಿ ಕಾಲಂ ಇಲ್ಲ. ಬ್ಯಾಕಪ್ಪನ್ನು ಅವರೇ ಸರಿಪಡಿಸಿ ಕೊಡಲಿ ಎಂದು ನಾನು ಕೇಳುತ್ತಿಲ್ಲ. ಅದು ಅನ್ಯಾಯದ ಬೇಡಿಕೆಯಾದೀತು. ಹಳೆಯ ರೂಟರನ್ನು ಕಳಚುವ ಮುನ್ನ ‘ಮನೆಯಲ್ಲಿ ನೆಟ್‌ವರ್ಕಿಗೆ ಜೋಡಿಸಿದ ಡಿಸ್ಕ್, ಪ್ರಿಂಟರ್, ಕ್ಯಾಮೆರಾ ಇದೆಯೇ’ ಎಂದು ಕೇಳಲಿ. ಇದ್ದರೆ ಹಳೆಯ ರೂಟರಿನ ವಿಳಾಸವನ್ನು ನೋಡಿ ಹೊಸದಕ್ಕೂ ಅದನ್ನೇ ಕೊಡಲಿ; ಅನುಭವಸ್ಥನಿಗೆ ಇದು ಕೆಲವೇ ನಿಮಿಷಗಳ ಕೆಲಸ. ಅಡ್ಮಿನ್ ಪಾಸ್‌ವರ್ಡನ್ನು ಬದಲಿಸಿ, ಬರೆದು, ಗ್ರಾಹಕರ ಕೈಗೆ ಕೊಟ್ಟು ಸಹಿ ಪಡೆಯಲಿ. 2016ರ ಜನವರಿಯಲ್ಲಿ ದೇಶದ ಮೊದಲ 20 ಸ್ಮಾರ್ಟ್ ಸಿಟಿಗಳ ಪಟ್ಟಿಗೆ ಸೇರಿದ ನಗರದಲ್ಲಿ ಇಷ್ಟನ್ನು ನಿರೀಕ್ಷಿಸುವುದು ಅತಿಯಾಸೆಯಲ್ಲ.

ಯು.ಬಿ.ಡಿ.ಟಿ. ಮತ್ತು ಬಾಪೂಜಿ ಎಂಜಿನಿಯರಿಂಗ್ ಕಾಲೇಜುಗಳ ಕಂಪ್ಯೂಟರ್ ವಿಭಾಗಗಳಿಗೂ ಒಂದು ಮನವಿಯಿದೆ. ಮಾರ್ಚ್ 31ನ್ನು ವಿಶ್ವ ಬ್ಯಾಕಪ್ ದಿನವೆಂದು ಆಚರಿಸುತ್ತಾರೆ. ಅದು ವ್ಯಾಪಾರಿಗಳ ಆರ್ಥಿಕ ವರ್ಷದ ಕೊನೆಯ ದಿನವೂ ಹೌದಾದ್ದರಿಂದ ಅಂದು ಯಾರಿಗೂ ಪುರುಸೊತ್ತಿರುವುದಿಲ್ಲ. ಏಪ್ರಿಲ್ ಮೊದಲ ವಾರದಲ್ಲಿ ವಿದ್ಯಾರ್ಥಿಗಳು ಪೇಟೆಯ ಅಂಗಡಿಗಳಿಗೆ ಬಂದು, ಒಂದೊಂದು ಕಡೆ ಬ್ಯಾಕಪ್ಪಿನಿಂದ ಒಂದೇ ಒಂದು ಫೈಲನ್ನು ವಾಪಸು ತೆಗೆದು ತೋರಿಸಿದರೆ ಭಾಷಣಕ್ಕಿಂತ ಹೆಚ್ಚು ಉಪಕಾರವಾಗುತ್ತದೆ, ಅವರಿಗೂ ಪಠ್ಯದಲ್ಲಿ ಓದಿದ ವಿಳಾಸ ಹಂಚಿಕೆ ಕಣ್ಣೆದುರು ಕಾಣುತ್ತದೆ.

ಈ ವಾರವೋ ಮುಂದಿನ ವಾರವೋ ಮನೆಗೆ ಹೊಸ ರೂಟರ್ ಬರಲಿರುವ ಓದುಗರು, ಹಳೆಯದನ್ನು ವಾಪಸು ಕೊಡುವ ಮೊದಲು, ಅದರ ಸೆಟ್ಟಿಂಗ್ಸ್ ಪುಟದಲ್ಲಿ ಯಾವ ಸಾಧನಕ್ಕೆ ಯಾವ ವಿಳಾಸ ಎಂದು ತೋರಿಸುವ ಪಟ್ಟಿಯನ್ನು ಫೋನಿನಲ್ಲಿ ಫೋಟೊ ತೆಗೆದಿಟ್ಟುಕೊಳ್ಳಬೇಕು. ರೂಟರಿನ ಹಿಂಬದಿಯ ಯು.ಎಸ್.ಬಿ. ಕಿಂಡಿಯಲ್ಲಿ ಡಿಸ್ಕ್ ಏನಾದರೂ ಉಳಿದಿದೆಯೇ ಎಂಬುದನ್ನೂ ಒಮ್ಮೆ ನೋಡಬೇಕು.

ಇಂತಿ ತಮ್ಮ ವಿಶ್ವಾಸಿ,
ತೆರಿಗೆ ಸಲಹೆಗಾರ, ದಾವಣಗೆರೆ